ಅರವತ್ತನಾಲ್ಕು ಚುಕ್ಕೆಗೆ ಒಂದು ಚುಕ್ಕೆ

"ಇದು ಆರನೇ ಸಲ ಮೇಡಂ," ಎಂದ ರೋಪ್‌ವೇ ನಿಲ್ದಾಣದ ಕಾವಲುಗಾರ, ಕೀಲಿಗೊಂಚಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತ. "ನೋಡಿ ನೋಡಿ ಆ ಚಿತ್ರ ಸವೆದುಹೋದೀತು."

ಬೆರಳಕ್ಕ ತಿರುಗಿ ನೋಡಲಿಲ್ಲ. ಅವಳ ಎಡಗೈ ಹಗ್ಗ ಪರಿಶೀಲಕನ ಹಳೇ ಕಂಪ್ಯೂಟರಿನ ಮೌಸ್ ಮೇಲಿತ್ತು. ಬಲಗೈ, ಅಳಿಯನಿಂದ ಕಾಡಿ ಬೇಡಿ ತಂದಿದ್ದ ಲ್ಯಾಪ್‌ಟಾಪಿನ ಮೇಲೆ. ಎರಡರಲ್ಲೂ ಒಂದೇ ಫೈಲ್ ತೆರೆದಿತ್ತು: ಸಾವಿರದ ಇನ್ನೂರು ಮೀಟರ್ ಉದ್ದದ ಉಕ್ಕಿನ ಹಗ್ಗದ ಚಿತ್ರ, ಈ ದಡದಿಂದ ಆ ದಡದವರೆಗೆ ಒಂದೇ ಸುರುಳಿಯಾಗಿ.

ನಾಲ್ಕನೇ ಕಂಬದ ಹತ್ತಿರದ ಜಾಗವನ್ನು ಅವಳು ಎರಡರಲ್ಲೂ ದೊಡ್ಡದು ಮಾಡಿದಳು.

ಲ್ಯಾಪ್‌ಟಾಪಿನಲ್ಲಿ ಹಗ್ಗದ ಮೂರು ತಂತಿಗಳು ಕಡಿದಿದ್ದವು. ಒಂದೊಂದರ ನಡುವೆಯೂ ಬ್ಲೇಡಿನಲ್ಲಿ ಗೀರಿದಂಥ ಕಪ್ಪು ಸೀಳು.

ಪರಿಶೀಲಕನ ಕಂಪ್ಯೂಟರಿನಲ್ಲಿ ಹಗ್ಗ ನುಣ್ಣಗಿತ್ತು. ಸೀಳಿದ್ದ ಜಾಗದಲ್ಲಿ ಎಣ್ಣೆ ಕಲೆಯಂಥ ಒಂದು ಮಸುಕು. ಅಂಥ ಮಸುಕುಗಳು ಹಗ್ಗದುದ್ದಕ್ಕೂ ನೂರಾರು ಇದ್ದವು.

ಫೈಲಿನ ಗಾತ್ರ ಒಂದೇ. ತಾರೀಖು ಒಂದೇ. ನೋಡುವ ಪ್ರೋಗ್ರಾಮೂ ಇದೇ ಯಂತ್ರದಿಂದ ನಕಲು ಮಾಡಿಕೊಂಡದ್ದು. ಆದರೂ ಒಂದರಲ್ಲಿ ಸಾವು ಕಾಣುತ್ತಿತ್ತು, ಇನ್ನೊಂದರಲ್ಲಿ ಕಾಣುತ್ತಿರಲಿಲ್ಲ.

ಹತ್ತೊಂಬತ್ತು ದಿನಗಳ ಹಿಂದೆ ಇದೇ ನಾಲ್ಕನೇ ಕಂಬದ ಬಳಿ ರೋಪ್‌ವೇ ಹಗ್ಗ ಕಡಿದು, ಒಂದು ತೊಟ್ಟಿಲು ನದಿಗೆ ಬಿದ್ದು ಏಳು ಜನ ಸತ್ತಿದ್ದರು. ಅದಕ್ಕೂ ಐದು ದಿನ ಮುಂಚೆ ಈ ಚಿತ್ರ ನೋಡಿ 'ದೋಷವಿಲ್ಲ' ಎಂದು ಸಹಿ ಹಾಕಿದ್ದ ಪರಿಶೀಲಕ ಈಗ ಜೈಲಿನಲ್ಲಿದ್ದ.

ಬೆರಳಕ್ಕನನ್ನು ಈ ಕೆಲಸಕ್ಕೆ ಹಚ್ಚಿದವಳು ಪರಿಶೀಲಕನ ತಂಗಿ. ಪೊಲೀಸ್ ಬೆರಳಚ್ಚು ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದು, ರಾಜೀನಾಮೆ ಕೊಟ್ಟು, ಖಾಸಗಿ ಪತ್ತೇದಾರಿಕೆಗೆ ಇಳಿದ ಹೆಂಗಸಿಗೆ ಊರಿನವರೇ ಇಟ್ಟ ಹೆಸರು ಬೆರಳಕ್ಕ. ತಂಗಿಯಾದವಳು ಮೊದಲ ದಿನ ಅವಳೆದುರು ಕೂತು ಅತ್ತಿರಲಿಲ್ಲ. ಅಳುವುದೆಲ್ಲ ಮುಗಿದುಹೋಗಿತ್ತು. ಬಿದ್ದ ತೊಟ್ಟಿಲಿನಲ್ಲಿ ಅವಳ ಮಗಳಿದ್ದಳು. ಹದಿನಾಲ್ಕು ವರ್ಷದವಳು.

"ಅಣ್ಣನ್ನ ಬಿಡಿಸಿ ಅಂತ ಕೇಳ್ತಿಲ್ಲ ಅಕ್ಕಾ," ಎಂದಿದ್ದಳು ಆಕೆ. "ನನ್ನಣ್ಣ ಕುರುಡನೋ ಕಳ್ಳನೋ, ಅಷ್ಟು ಹೇಳಿ. ಕಾಣದೆ ಸಹಿ ಹಾಕಿದ್ನೋ, ಕಂಡೂ ಹಾಕಿದ್ನೋ. ಆಮೇಲೆ ಅವನ ಮುಖ ನೋಡ್ಬೇಕೋ ಬೇಡ್ವೋ ನಾನು ತೀರ್ಮಾನ ಮಾಡ್ತೀನಿ."

ಬೆರಳಕ್ಕ ಕಂಪ್ಯೂಟರಿನ ಪಕ್ಕದಲ್ಲಿದ್ದ ರಿಜಿಸ್ಟರನ್ನು ಎಳೆದುಕೊಂಡಳು. ಪರಿಶೀಲಕನ ಅಕ್ಷರ ಮುಳ್ಳುಬೇಲಿಯಂತಿತ್ತು. ಚೂಪು ಚೂಪಾಗಿ, ಒಂದರ ಮೇಲೊಂದು ಹತ್ತಿ, ಕಾಗದವನ್ನೇ ಪರಚುವ ಹಾಗೆ. ತಿಂಗಳಿಗೊಂದು ಪುಟ. ಕೊನೆಗೆ 'ದೋಷವಿಲ್ಲ'.

ಅವಳು ಹಿಂದಕ್ಕೆ ತಿರುವುತ್ತ ಹೋದಳು. ನಾಲ್ಕು ತಿಂಗಳ ಹಿಂದಿನ ಪುಟದಲ್ಲಿ ಕೈ ನಿಂತಿತು. ಅದರಿಂದ ಹಿಂದಕ್ಕೆ ಪ್ರತಿ ಪುಟದಲ್ಲೂ 'ದೋಷವಿಲ್ಲ' ಎನ್ನುವುದಕ್ಕೆ ಮುಂಚೆ ಇನ್ನೊಂದು ಸಾಲಿತ್ತು: 'ದೊಡ್ಡ ಯಂತ್ರದಲ್ಲಿ ಮತ್ತೊಮ್ಮೆ ನೋಡಿದೆ.' ಅಲ್ಲಿಂದ ಈಚೆಗೆ ಆ ಸಾಲು ಇರಲಿಲ್ಲ.

"ದೊಡ್ಡ ಯಂತ್ರ ಅಂದ್ರೆ ಯಾವುದು?"

"ಮ್ಯಾನೇಜರ್ ಸಾಹೇಬ್ರ ರೂಮಲ್ಲಿದೆಯಲ್ಲ, ಅದು," ಎಂದ ಕಾವಲುಗಾರ. "ಪಾಪ, ಈ ಮನುಷ್ಯ ತಿಂಗಳಿಗೊಂದ್ಸಲ ಫೈಲ್ ಹಿಡ್ಕೊಂಡು ಅವರ ಬಾಗಿಲಲ್ಲಿ ನಿಂತ್ಕೊಳ್ತಿದ್ದ, ಹೋಂವರ್ಕ್ ಮಾಡದ ಹುಡುಗನ ಥರ. ಇವತ್ತಾಗಲ್ಲ ನಾಳೆ ಬಾ, ನಾಳೆ ಅಂದ್ರೆ ನಾಡಿದ್ದು ಬಾ. ನೋಡೋ ತನಕ ತೊಟ್ಟಿಲು ಬಿಡೋ ಹಾಗಿಲ್ಲ, ತೊಟ್ಟಿಲು ನಿಂತ್ರೆ ಸಾಹೇಬ್ರಿಗೆ ಕೋಪ."

"ಆಮೇಲೆ?"

"ಆಮೇಲೆ ಒಂದಿನ ನಿಂತುಹೋಯ್ತು. ಬರೋದೇ ಬಿಟ್ಟ. ಕೇಳಿದ್ದಕ್ಕೆ, ಈಗ ನನ್ನ ಯಂತ್ರದಲ್ಲೇ ಸರಿಯಾಗಿ ಕಾಣುತ್ತೆ ಮಾರಾಯ ಅಂದ. ಖುಷಿಯಾಗಿದ್ದ."

ಖುಷಿಯಾಗಿದ್ದ. ಬೆರಳಕ್ಕನಿಗೂ ಒಮ್ಮೆ ಹೀಗೇ 'ಸರಿಯಾಗಿ' ಕಂಡಿತ್ತು. ದೂರದ ಠಾಣೆಯಿಂದ ಬಂದ ಒಂದು ಬೆರಳಚ್ಚು, ಕುಗ್ಗಿಸಿ ಕಳಿಸಿದ್ದ ನಕಲು. ಗೆರೆಗಳೆಲ್ಲ ಕೂಡಿಕೊಂಡು ಇನ್ನೊಬ್ಬನ ಗೆರೆಗಳಂತಾಗಿದ್ದವು. ಅವಳು 'ಹೊಂದುತ್ತದೆ' ಎಂದು ಸಹಿ ಹಾಕಿದಳು. ಆ ಮನುಷ್ಯ ಒಂಬತ್ತು ವರ್ಷ ಒಳಗಿದ್ದ. ಹೊರಗೆ ಬಂದವನು ಅವಳನ್ನು ಬೈಯಲೂ ಇಲ್ಲ. ಅವಳ ಮೇಜಿನ ಮುಂದೆ ಒಂದು ನಿಮಿಷ ನಿಂತು, ಹೋಗಿಬಿಟ್ಟ. ಮರುದಿನ ಅವಳು ರಾಜೀನಾಮೆ ಬರೆದಳು.

ರಿಜಿಸ್ಟರಿನ ಎರಡು ಪುಟಗಳ ಫೋಟೊ ತೆಗೆದುಕೊಂಡು ಅವಳು ಎದ್ದಳು.

"ಈ ಪ್ರೋಗ್ರಾಂ ಬರೆದವನ ಮನೆ ಎಲ್ಲಿ?"

* * *

ಅವನನ್ನು ಎಲ್ಲರೂ ಜಿಪುಣ ಎನ್ನುತ್ತಿದ್ದರು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ವಾಸ, ಅಲ್ಲೇ ಕೆಲಸ. ಮೇಜಿನ ಮೇಲೆ ಹೆಬ್ಬೆರಳಷ್ಟಾಗಿ ಉಳಿದ ಪೆನ್ಸಿಲ್ ತುಂಡುಗಳು, ಬಂದ ಲಕೋಟೆಗಳನ್ನೇ ಸೀಳಿ ಹೊಲಿದ ಟಿಪ್ಪಣಿ ಪುಸ್ತಕ. ಕಡಿಮೆ ಮೆಮೊರಿಯ ಅಗ್ಗದ ಫೋನುಗಳಿಗೆ ಚಿತ್ರ ತೋರಿಸುವ ಪ್ರೋಗ್ರಾಂ ಬರೆದು ಪಳಗಿದವನು. ಒಂದು ಬೈಟ್ ಉಳಿಸಲು ಒಂದು ರಾತ್ರಿ ನಿದ್ದೆ ಬಿಡುವ ಆಸಾಮಿ ಎಂದು ಅವನ ಬಗ್ಗೆ ಮಾತಿತ್ತು. ವಯಸ್ಸು ನಲವತ್ತು ಇರಬಹುದು. ಹತ್ತೊಂಬತ್ತು ದಿನದ ಗಡ್ಡ ಅದನ್ನು ಐವತ್ತು ಮಾಡಿತ್ತು.

"ಪೊಲೀಸರಿಗೆ ಎಲ್ಲ ಹೇಳಿದ್ದೀನಿ," ಎಂದ ಬಾಗಿಲಲ್ಲೇ.

"ಏನು ಹೇಳಿದ್ರಿ?"

"ನನ್ನ ಪ್ರೋಗ್ರಾಂ ಸರಿಯಾಗಿದೆ ಅಂತ. ಅವರ ಕಂಪ್ಯೂಟರಲ್ಲಿ ಹಾಕಿ ತೋರಿಸಿದೆ. ಸೀಳು ಚೆನ್ನಾಗಿ ಕಂಡಿತು. ಹಾಗಾದ್ರೆ ಪರಿಶೀಲಕನೇ ಸರಿಯಾಗಿ ನೋಡಿಲ್ಲ ಅಂದ್ಕೊಂಡು ಅವರೇ ಹೋದ್ರು."

"ಪರಿಶೀಲಕನ ಕಂಪ್ಯೂಟರಲ್ಲಿ ಯಾರೂ ಹಾಕಿ ನೋಡ್ಲಿಲ್ಲ."

ಜಿಪುಣ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ. ಬೆರಳಕ್ಕ ಒಳಗೆ ಬಂದು, ಇದ್ದ ಒಂದೇ ಕುರ್ಚಿಯಲ್ಲಿ ಕೂತಳು. ಅವನು ಹಾಸಿಗೆಯ ಅಂಚಿಗೆ ಒರಗಿ ನಿಂತ.

"ನನಗೆ ಕಂಪ್ಯೂಟರ್ ಗೊತ್ತಿಲ್ಲ," ಎಂದಳು ಅವಳು. "ಒಂದೇ ಫೈಲು ಅಲ್ಲೊಂಥರಾ, ಇಲ್ಲೊಂಥರಾ ಯಾಕೆ ಕಾಣುತ್ತೆ? ಮಗುಗೆ ಹೇಳೋ ಹಾಗೆ ಹೇಳಿ."

ಕೆಲಸದ ಮಾತು ಬಂದೊಡನೆ ಅವನ ಬೆನ್ನು ತಾನಾಗಿ ನೆಟ್ಟಗಾಯಿತು.

"ಆ ಫೈಲು ನೂರು ಎಂಬಿ, ಅಲ್ವಾ? ಅದು ಮಡಚಿಟ್ಟ ಬಟ್ಟೆ ಅಂದ್ಕೊಳ್ಳಿ. ಸ್ಕ್ರೀನಿನ ಮೇಲೆ ತೋರಿಸ್ಬೇಕು ಅಂದ್ರೆ ಮೆಮೊರಿಯಲ್ಲಿ ಬಿಚ್ಚಿ ಹಾಸ್ಬೇಕು. ಹಾಸಿದಾಗ ಒಂದೊಂದು ಚುಕ್ಕೆಗೂ ನಾಲ್ಕು ಬೈಟ್ ಜಾಗ. ಉದ್ದಕ್ಕೆ ಇಪ್ಪತ್ನಾಲ್ಕು ಲಕ್ಷ ಚುಕ್ಕೆ, ಅಗಲಕ್ಕೆ ನಾನೂರು. ಗುಣಿಸಿ ನೋಡಿ."

"ನೀವೇ ಹೇಳಿ."

"ಹೆಚ್ಚೂ ಕಮ್ಮಿ ನಾಲ್ಕು ಜಿಬಿ. ಅವನ ಯಂತ್ರದಲ್ಲಿ ಇದ್ದದ್ದೇ ಎರಡು. ಮೊದಮೊದಲು ಫೈಲ್ ತೆಗೆದ ತಕ್ಷಣ ಕಂಪ್ಯೂಟರ್ ಕಲ್ಲಾಗಿ ಕೂತುಬಿಡ್ತಿತ್ತು. ಹೊಸ ಯಂತ್ರ ಕೊಡಿಸಿ ಅಂದೆ. ಕೊಡಿಸ್ಲಿಲ್ಲ. ನೀನು ಜಿಪುಣ ಅಲ್ವಾ, ಇದರಲ್ಲೇ ಮಾಡಿಕೊಡು ಅಂತ ಮ್ಯಾನೇಜರ್ ನಕ್ಕರು."

"ಮಾಡಿಕೊಟ್ರಿ."

"ಮಾಡಿಕೊಟ್ಟೆ. ಬಿಚ್ಚುವಾಗಲೇ ಕುಗ್ಗಿಸಿ ಬಿಚ್ಚೋದು. ಉದ್ದಕ್ಕೆ ಎಂಟು, ಅಗಲಕ್ಕೆ ಎಂಟು, ಒಟ್ಟು ಅರವತ್ನಾಲ್ಕು ಚುಕ್ಕೆ ತಗೊಂಡು, ಅದರ ಸರಾಸರಿ ಬಣ್ಣದ ಒಂದೇ ಒಂದು ಚುಕ್ಕೆ ಇಡೋದು. ನಾಲ್ಕು ಜಿಬಿ ಇದ್ದದ್ದು ಅರವತ್ತು ಎಂಬಿಗೆ ಇಳೀತು." ಅವನ ಕಣ್ಣಿನಲ್ಲಿ ಒಂದು ಕ್ಷಣ ಹಳೆಯ ಹೆಮ್ಮೆ ಮಿಂಚಿತು. "ಚಿತ್ರ ಕಣ್ಮುಚ್ಚಿ ತೆಗೆಯೋದ್ರೊಳಗೆ ಬರ್ತಿತ್ತು ಮೇಡಂ. ಮೆಮೊರಿ ಜಾಸ್ತಿ ಇರೋ ಯಂತ್ರ ಸಿಕ್ಕಿದ್ರೆ ಪ್ರೋಗ್ರಾಂ ತಾನೇ ಅಳೆದು ನೋಡಿ ಪೂರ್ತಿ ಬಿಚ್ಚುತ್ತೆ. ಕಡಿಮೆ ಇದ್ರೆ ಕುಗ್ಗಿಸಿ ಬಿಚ್ಚುತ್ತೆ."

"ಕಡಿದ ತಂತಿಯ ಸೀಳು ಎಷ್ಟು ಚುಕ್ಕೆ ಅಗಲ?"

ಹೆಮ್ಮೆ ಆರಿಹೋಯಿತು.

"ಎರಡು," ಎಂದ.

"ಅರವತ್ನಾಲ್ಕರ ಸರಾಸರಿ ಮಾಡಿದ್ರೆ?"

"ಅರವತ್ನಾಲ್ಕರಲ್ಲಿ ಹತ್ತೋ ಹನ್ನೆರಡೋ ಕಪ್ಪು ಚುಕ್ಕೆ. ಉಳಿದದ್ದೆಲ್ಲ ಬೂದು. ಎಲ್ಲ ಕಲಸಿದ್ರೆ…" ಅವನು ಅಂಗೈಯಿಂದ ಗಾಳಿಯಲ್ಲಿ ಏನನ್ನೋ ಒರೆಸಿದ. "ಎಣ್ಣೆ ಕಲೆ ಥರ ಕಾಣುತ್ತೆ."

ಕೆಳಗೆ ಅಂಗಡಿಯಲ್ಲಿ ಯಾರೋ ಸೈಕಲ್ ಚಕ್ರ ತಿರುಗಿಸುತ್ತಿದ್ದರು. ಬೆರಳಕ್ಕ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು.

"ತುಂಡು ತುಂಡಾಗಿ ಬಿಚ್ಚೋಕೆ ಬರಲ್ವಾ? ನೋಡೋ ಜಾಗ ಮಾತ್ರ ಪೂರ್ತಿಯಾಗಿ ಬಿಚ್ಚಿ, ನೋಡಿ ಆದ್ಮೇಲೆ ಮಡಚಿಟ್ಟು, ಮುಂದಿನದು ಬಿಚ್ಚೋ ಹಾಗೆ?"

ಅವನು ಅವಳನ್ನು ಬೆರಗಿನಿಂದ ನೋಡಿದ. "ಕಂಪ್ಯೂಟರ್ ಗೊತ್ತಿಲ್ಲ ಅಂದ್ರಿ?"

"ಸೀರೆ ಅಂಗಡಿ ಗೊತ್ತು."

"ಬರುತ್ತೆ ಮೇಡಂ. ಅದೇ ಸರಿಯಾದ ದಾರಿ. ಆದ್ರೆ ಕ್ಯಾಮೆರಾ ಒಂದೇ ಸುರುಳಿಯಾಗಿ ಕೊಡುತ್ತೆ, ಅದನ್ನ ಮೊದಲೇ ಚೌಕ ಚೌಕ ಕತ್ತರಿಸಿ ಇಡೋ ಹಾಗೆ ಬದಲಾಯಿಸ್ಬೇಕು. ಮೂರು ತಿಂಗಳ ಕೆಲಸ. ಕೇಳಿದ್ದೆ. ಬೇಡ ಅಂದ್ರು. ಕಾಣ್ತಿದೆಯಲ್ಲ, ಇನ್ನೇನು ಅಂದ್ರು."

"ಹಾಗಾದ್ರೆ ನಾಲ್ಕು ತಿಂಗಳ ಹಿಂದಿನ ತನಕ ಪರಿಶೀಲಕ ದೊಡ್ಡ ಯಂತ್ರಕ್ಕೆ ಯಾಕೆ ಹೋಗ್ತಿದ್ದ? ಕುಗ್ಗಿಸಿದ ಚಿತ್ರ ಅಂತ ಅವನಿಗೆ ಹೇಗೆ ಗೊತ್ತಾಗ್ತಿತ್ತು?"

ಜಿಪುಣ ಮೇಜಿನ ಮೇಲಿನ ಪೆನ್ಸಿಲ್ ತುಂಡುಗಳನ್ನು ಸಾಲಾಗಿ ಜೋಡಿಸತೊಡಗಿದ.

"ರಿಜಿಸ್ಟರ್ ನೋಡಿದ್ದೀನಿ," ಎಂದಳು ಬೆರಳಕ್ಕ. "ನಿಮ್ಮ ಪ್ರೋಗ್ರಾಮಿನ ತಾರೀಖೂ ನೋಡಿದ್ದೀನಿ. ನಾಲ್ಕು ತಿಂಗಳ ಹಿಂದೆ ಅವನ ಯಂತ್ರಕ್ಕೆ ಹೊಸದು ಹಾಕಿದ್ದೀರಿ. ಅವತ್ತಿನಿಂದಲೇ ಆ ಮನುಷ್ಯ ದೊಡ್ಡ ಯಂತ್ರಕ್ಕೆ ಹೋಗೋದು ನಿಲ್ಲಿಸಿದ್ದಾನೆ. ಏನು ಬದಲಾಯಿಸಿದ್ರಿ?"

"ಸಣ್ಣಪುಟ್ಟದ್ದು."

"ಎಷ್ಟು ಸಣ್ಣದು?"

"ಮೇಡಂ, ದಯವಿಟ್ಟು…"

"ಏಳು ಜನ ಸತ್ತಿದ್ದಾರೆ. ಪ್ರೋಗ್ರಾಂ ಸರಿಯಾಗಿದೆ ಅಂತ ಪೊಲೀಸರ ಕಂಪ್ಯೂಟರಲ್ಲಿ ತೋರಿಸಿ ಕೈ ತೊಳ್ಕೊಂಡ್ರಿ. ಆ ಕಂಪ್ಯೂಟರಲ್ಲಿ ಸೀಳು ಕಾಣುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತು. ಜೈಲಲ್ಲಿ ಕೂತಿರೋನು ಕುರುಡ ಅಲ್ಲ ಅಂತ ಈ ಊರಲ್ಲಿ ಗೊತ್ತಿದ್ದದ್ದು ನಿಮಗೊಬ್ಬರಿಗೆ. ಹತ್ತೊಂಬತ್ತು ದಿನ ಬಾಯಿಗೆ ಬೀಗ ಹಾಕ್ಕೊಂಡು ಕೂತ್ರಿ. ಇನ್ನೂ ಎಷ್ಟು ದಿನ ಕೂರ್ತೀರಿ?"

ಅವನು ಮುಖ ಕಿವುಚಿದ. ಹಾಸಿಗೆಯ ಮೇಲೆ ಕುಸಿದು ಕೂತ.

"ಒಂದು ಪಟ್ಟಿ," ಎಂದ. "ಕೆಂಪು ಪಟ್ಟಿ. ಕುಗ್ಗಿಸಿದ ಚಿತ್ರ ತೋರಿಸುವಾಗೆಲ್ಲ ಸ್ಕ್ರೀನಿನ ನೆತ್ತಿ ಮೇಲೆ ಬರೋ ಹಾಗೆ ಇಟ್ಟಿದ್ದೆ. 'ಇದು ಪೂರ್ತಿ ಚಿತ್ರವಲ್ಲ. ದೊಡ್ಡ ಯಂತ್ರದಲ್ಲಿ ನೋಡಿ.' ಮುಚ್ಚೋಕೆ ಆಗದ ಹಾಗೆ ಇಟ್ಟಿದ್ದೆ. ನನ್ನ ಜಿಪುಣತನದಿಂದ ಯಾರಿಗೂ ತೊಂದರೆ ಆಗ್ಬಾರ್ದು ಅಂತ."

"ಅದನ್ನ ತೆಗೆದ್ರಿ."

"ತೆಗೆದೆ."

"ಎಷ್ಟು ಹೊತ್ತಿನ ಕೆಲಸ?"

"ಐದು ನಿಮಿಷ," ಎಂದ. ಆಮೇಲೆ ಅಳತೊಡಗಿದ. ಸದ್ದಿಲ್ಲದೆ, ಮೂಗು ಕೆಂಪಗಾಗಿಸಿಕೊಂಡು, ಆ ಅಳುವಿನಲ್ಲೂ ಜಿಪುಣತನ ಮಾಡುವವನ ಹಾಗೆ. "ಹೊಸ ಪ್ರೋಗ್ರಾಮಿನಲ್ಲಿ ಪಟ್ಟಿ ಇಲ್ಲ ಅಂದ್ರೆ ಚಿತ್ರ ಪೂರ್ತಿ ಇದೆ ಅಂತ ಅವನು ತಿಳ್ಕೊಂಡ. ಯಾರೂ ಅವನಿಗೆ ಹೇಳ್ಲಿಲ್ಲ. ನಾನೂ ಹೇಳ್ಲಿಲ್ಲ. ಯಾಕಂದ್ರೆ ತೆಗೀರಿ ಅಂತ ಕೇಳಿದ್ದೇ ಅವನು ಅಂತ ನಾನು ನಂಬಿದ್ದೆ."

"ಅವನೇ ಬಂದು ಕೇಳಿದ್ನಾ?"

"ಕಾಗದ ಬಂತು."

ಹಾಸಿಗೆಯ ಕೆಳಗಿನಿಂದ ಒಂದು ಬಿಸ್ಕತ್ತಿನ ಡಬ್ಬ ಎಳೆದು, ತಳದಲ್ಲಿದ್ದ ಮಡಚಿದ ಹಾಳೆಯೊಂದನ್ನು ಅವಳ ಕೈಗಿಟ್ಟ. ಗೆರೆ ಹಾಕಿದ ಹಾಳೆ. ರೋಪ್‌ವೇ ನಿಲ್ದಾಣದ ನೀಲಿ ಮೊಹರು. ಸಹಿ ಇಲ್ಲ.

'ಚಿತ್ರದ ಮೇಲೆ ಬರುವ ಕೆಂಪು ಪಟ್ಟಿಯಿಂದ ಕೆಲಸಕ್ಕೆ ಅಡಚಣೆಯಾಗುತ್ತಿದೆ. ಚಿತ್ರ ಸ್ಪಷ್ಟವಾಗಿಯೇ ಕಾಣುತ್ತದೆ. ಆದ್ದರಿಂದ ಸದರಿ ಪಟ್ಟಿಯನ್ನು ತೆಗೆದುಕೊಡಬೇಕಾಗಿ ಕೋರುತ್ತೇನೆ. ಇಂತಿ, ಹಗ್ಗ ಪರಿಶೀಲಕ.'

ಬೆರಳಕ್ಕ ಒಂದು ಸಲ ಓದಿದಳು. ಎರಡನೇ ಸಲ ಓದಲಿಲ್ಲ, ಬರೀ ನೋಡಿದಳು. ಗುಂಡು ಗುಂಡಾದ, ಒಂದೇ ಎತ್ತರದ ಅಕ್ಷರಗಳು, ಗೆರೆಯ ಮೇಲೆ ಸಾಲಾಗಿ ಕೂತ ಹಕ್ಕಿಗಳಂತೆ. ರಿಜಿಸ್ಟರಿನ ಮುಳ್ಳುಬೇಲಿ ಎಲ್ಲಿ, ಇದೆಲ್ಲಿ.

"ಇದು ಅವನ ಅಕ್ಷರವೇ ಅಲ್ಲ."

"ನನಗೇನು ಗೊತ್ತು ಅವನ ಅಕ್ಷರ? ಮೊಹರು ಇತ್ತು. ತಂದವರೂ ಮನೆಯವರೇ. ಅನುಮಾನ ಯಾಕೆ ಬರ್ಬೇಕು?"

"ಯಾರು ತಂದದ್ದು?"

ಜಿಪುಣ ಕಣ್ಣೊರೆಸಿಕೊಂಡು ಅವಳನ್ನೇ ನೋಡಿದ. ಆ ನೋಟದಲ್ಲಿ ಅವಳ ಮೇಲೆ ಒಂದಿಷ್ಟು ಕನಿಕರವಿತ್ತು.

"ನಿಮ್ಮನ್ನ ಕಳಿಸಿದವಳೇ," ಎಂದ. "ಅವನ ತಂಗಿ."

* * *

ಆಕೆಯ ಮನೆ ಮೂರನೇ ಮಹಡಿಯಲ್ಲಿತ್ತು. ಬೆರಳಕ್ಕ ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತಳು. ದಮ್ಮು ಕಟ್ಟಿದ್ದಕ್ಕಲ್ಲ. ಕಕ್ಷಿದಾರಳ ಮುಖಕ್ಕೆ ಏನು ಹೇಳುವುದು ಎಂದು ತಿಳಿಯದೆ. ಕುರುಡನೋ ಕಳ್ಳನೋ ಎಂದು ಕೇಳಿದ್ದಳಲ್ಲ, ಎರಡೂ ಅಲ್ಲ ಎಂದು ಉತ್ತರ ಸಿಕ್ಕಿತ್ತು. ಆ ಉತ್ತರ ತಂದುಕೊಟ್ಟರೆ ಅವಳು ಉಳಿಯುತ್ತಾಳೋ ಇಲ್ಲವೋ.

ಬಾಗಿಲು ತೆರೆದಿತ್ತು. ತಂಗಿ ಮಧ್ಯಾಹ್ನದ ಬಿಸಿಲು ಬೀಳುವ ಕಿಟಕಿಯ ಬಳಿ ನೆಲದ ಮೇಲೆ ಕೂತು, ಒಣಗಿದ ಬಟ್ಟೆ ಮಡಚುತ್ತಿದ್ದಳು. ಗೋಡೆಯ ಮೊಳೆಯಲ್ಲಿ ಶಾಲೆಯ ಚೀಲ ನೇತಾಡುತ್ತಿತ್ತು. ಒಳಕೋಣೆಯ ಮಂಚದ ಮೇಲೆ ಅವಳ ಗಂಡ ಗೋಡೆಗೆ ಮುಖ ಮಾಡಿ ಮಲಗಿದ್ದ. ವೆಲ್ಡರ್ ಕೆಲಸದವನು. ಮಗಳು ಹೋದ ದಿನದಿಂದ ಕೆಲಸಕ್ಕೆ ಹೋಗಿರಲಿಲ್ಲ.

"ಬನ್ನಿ ಅಕ್ಕಾ," ಎಂದಳು ತಂಗಿ, ತಲೆಯೆತ್ತದೆ. "ನಾನೇ ಫೋನ್ ಮಾಡೋಣ ಅಂತಿದ್ದೆ. ಇನ್ನು ನಿಮಗೆ ಕೆಲಸ ಇಲ್ಲ. ಅಣ್ಣ ಒಪ್ಕೊಂಡ."

"ಏನು ಒಪ್ಕೊಂಡ?"

"ಬೆಳಿಗ್ಗೆ ವಕೀಲರು ಹೇಳಿದ್ರು. ಸ್ಕ್ರೀನ್ ಮೇಲೆ ಏನೋ ಕೆಂಪು ಪಟ್ಟಿ ಬರ್ತಿತ್ತಂತೆ, ಅದನ್ನ ತೆಗೆಸಿ ಅಂತ ಅಣ್ಣನೇ ಕಾಗದ ಬರೆದು ಕೊಟ್ಟಿದ್ನಂತೆ. ಚಿತ್ರ ಪೂರ್ತಿ ಇಲ್ಲ ಅಂತ ಗೊತ್ತಿದ್ದೂ ಸಹಿ ಹಾಕಿದ್ದಂತೆ." ಅವಳು ಒಂದು ಪುಟ್ಟ ಲಂಗವನ್ನು ನಾಲ್ಕು ಮಡಿಕೆ ಮಾಡಿ, ಮೇಲೆ ಅಂಗೈ ಆಡಿಸಿದಳು. "ಕಳ್ಳನೇ ಅಂತಾಯ್ತು. ಮುಗೀತಲ್ಲ."

"ಸುಳ್ಳು ಹೇಳಿದ್ದಾನೆ."

ಮಡಚುವ ಕೈ ನಿಂತಿತು.

ಬೆರಳಕ್ಕ ಅವಳೆದುರು ನೆಲದ ಮೇಲೆ ಕೂತು, ಚೀಲದಿಂದ ಕಾಗದ ತೆಗೆದು ಇಬ್ಬರ ನಡುವೆ ಇಟ್ಟಳು. ಪಕ್ಕದಲ್ಲಿ ರಿಜಿಸ್ಟರಿನ ಫೋಟೊ.

"ಇದು ನಿಮ್ಮಣ್ಣನ ಅಕ್ಷರ. ಇದು ಕಾಗದದ ಅಕ್ಷರ. ಒಂದೇ ಕೈ ಅಂತ ಯಾರಾದ್ರೂ ಅಂದ್ರೆ ನಾನು ಬೆರಳಕ್ಕ ಅನ್ನೋ ಹೆಸರು ಬಿಟ್ಟುಬಿಡ್ತೀನಿ. ನಿಮ್ಮಣ್ಣ ತಾನು ಬರೆಯದ ಕಾಗದವನ್ನ ನಾನೇ ಬರೆದೆ ಅಂತಿದ್ದಾನೆ. ಯಾರನ್ನೋ ಕಾಪಾಡ್ತಿದ್ದಾನೆ. ಇದನ್ನ ಪ್ರೋಗ್ರಾಮಿನವನ ಹತ್ತಿರ ತಗೊಂಡು ಹೋದವಳು ನೀನು."

ಅವಳು ಬಹುವಚನ ಬಿಟ್ಟದ್ದು ಇಬ್ಬರಿಗೂ ಗೊತ್ತಾಯಿತು.

ತಂಗಿ ಕಾಗದವನ್ನು ಮುಟ್ಟಲಿಲ್ಲ. ಅದು ಸುಡುವ ವಸ್ತುವೇನೋ ಎಂಬಂತೆ ಮೊಣಕಾಲು ಹಿಂದಕ್ಕೆ ಎಳೆದುಕೊಂಡಳು.

"ನಿಮ್ಮ ಹತ್ತಿರ ಬಂದಾಗ ನಾನು ಈ ಕಾಗದದ ಮಾತು ಎತ್ತಲಿಲ್ಲ," ಎಂದಳು ಕೊನೆಗೆ. "ಪೂರ್ತಿ ಮರೆತುಬಿಟ್ಟಿದ್ದೀನಿ ಅಂತ ನನಗೆ ನಾನೇ ಹೇಳ್ಕೊಂಡೆ. ನೀವು ಹುಡುಕಿ, ಅಣ್ಣಂಗೆ ಕಣ್ಣು ಮಂಜಾಗಿತ್ತು ಅಂತಲೋ, ಹಗ್ಗ ಮಾಡಿದವರು ಮೋಸ ಮಾಡಿದ್ರು ಅಂತಲೋ, ಏನಾದ್ರೊಂದು ಹೇಳ್ತೀರಿ, ಈ ಕಾಗದಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತಾಗುತ್ತೆ ಅಂತ ಕಾದೆ. ಒಂದೊಂದು ದಿನವೂ ಅದಕ್ಕೇ ಕಾದೆ ಅಕ್ಕಾ."

"ನೀನು ಬರೆದದ್ದಾ?"

"ಬರೆದದ್ದು ನಾನು," ಎಂಬ ದನಿ ಒಳಗಿನಿಂದ ಬಂತು.

ಗಂಡ ಎದ್ದು ಬಾಗಿಲಿಗೆ ಬಂದಿದ್ದ. ಕೆದರಿದ ತಲೆ, ಕೆಂಡದ ಕಿಡಿ ತಾಗಿ ತಾಗಿ ಕಲೆಯಾದ ಮುಂಗೈಗಳು. "ಅವಳನ್ನ ಬಿಡಿ. ಭಾವ ತಿಂಗಳು ತಿಂಗಳೂ ಮ್ಯಾನೇಜರ್ ಬಾಗಿಲಲ್ಲಿ ನಿಂತು ಬೈಸ್ಕೊಂಡು ಬರ್ತಿದ್ದ. ಕೆಲಸ ಹೋಗುತ್ತೆ ಅಂತ ಹೆದರ್ತಿದ್ದ. ಅವನಿಗೊಂದು ಉಪಕಾರ ಆಗ್ಲಿ ಅಂತ ನಾನೇ ಅವನ ಹೆಸರಲ್ಲಿ ಬರೆದೆ. ಇವಳಿಗೆ ಒಳಗೇನಿದೆ ಅಂತಲೂ ಗೊತ್ತಿಲ್ಲ. ಕೊಟ್ಟು ಬಾ ಅಂದೆ, ಕೊಟ್ಟು ಬಂದ್ಲು."

ಬೆರಳಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಒಂದು ಕಾಗದಕ್ಕೆ ಬೆಳಗಿನಿಂದ ಇಬ್ಬರು ಗಂಡಸರು ತಲೆಕೊಡಲು ಬಂದಿದ್ದರು. ಇಪ್ಪತ್ತೆರಡು ವರ್ಷದಲ್ಲಿ ತಪ್ಪು ತನ್ನದಲ್ಲ ಎನ್ನುವವರನ್ನೇ ಕಂಡವಳು ಅವಳು. ತನ್ನದು ತನ್ನದು ಎಂದು ಕಿತ್ತಾಡುವವರನ್ನು ಕಂಡದ್ದು ಕಡಿಮೆ.

ಪೆನ್ನು ತೆಗೆದು ಅವನತ್ತ ಚಾಚಿದಳು.

"ಬರೀರಿ. ಮೊದಲನೇ ವಾಕ್ಯ ಸಾಕು."

ಅವನು ಗೋಡೆಗೆ ಕಾಗದವಿಟ್ಟು ಬರೆದ. ನಾಲ್ಕು ಪದ ಬರೆಯುವುದರಲ್ಲಿ ಅವನ ಹಣೆ ಬೆವರಿತು. ಅಕ್ಷರಗಳು ಒಂದು ಆನೆಯಷ್ಟು, ಇನ್ನೊಂದು ಇರುವೆಯಷ್ಟು. 'ಅಡಚಣೆ' ಎನ್ನುವಲ್ಲಿ ಎರಡು ಸಲ ತಿದ್ದಿದ.

ಬೆರಳಕ್ಕ ಹಾಳೆಯನ್ನು ತೆಗೆದುಕೊಂಡು ಸುಮ್ಮನೆ ಕೆಳಗಿಟ್ಟಳು. ಅಕ್ಷರ ಬೇರೆ. ಅವನಿಗೂ ಗೊತ್ತಿತ್ತು.

"ಸಾಕು ಬಿಡಿ," ಎಂದಳು ತಂಗಿ ಗಂಡನಿಗೆ. ದನಿ ತೀರ ಮೆಲ್ಲಗಿತ್ತು. "ಎಷ್ಟು ಜನ ಸುಳ್ಳು ಹೇಳ್ತೀರಿ."

ಅವಳು ಎದ್ದು, ಮೊಳೆಯಿಂದ ಶಾಲೆಯ ಚೀಲ ಇಳಿಸಿ, ಒಂದು ನೋಟುಪುಸ್ತಕ ತೆಗೆದು ಬೆರಳಕ್ಕನ ಮಡಿಲಲ್ಲಿ ಬಿಡಿಸಿಟ್ಟಳು. ವಿಜ್ಞಾನದ ಪಾಠ. ಎಲೆಯೊಂದರ ಚಿತ್ರ, ಪಕ್ಕದಲ್ಲಿ ವಿವರಣೆ. ಗುಂಡು ಗುಂಡಾದ, ಒಂದೇ ಎತ್ತರದ ಅಕ್ಷರಗಳು.

ಬೆರಳಕ್ಕ ಕಾಗದವನ್ನು ಎತ್ತಿ ಆ ಪುಟದ ಪಕ್ಕದಲ್ಲಿ ಹಿಡಿದಳು.

"ನಮ್ಮ ಮನೇಲಿ ಅಕ್ಷರ ಚೆನ್ನಾಗಿದ್ದದ್ದು ಅವಳೊಬ್ಬಳದ್ದೇ," ಎಂದಳು ತಾಯಿ. "ಬಾಡಿಗೆ ಚೀಟಿಯಿಂದ ಹಿಡಿದು ಯಾವ ಅರ್ಜಿ ಇದ್ರೂ ಅವಳ ಕೈಲೇ ಬರೆಸೋದು. ಈ ಕಾಗದ ಬರೆದು ಮುಗಿಸಿ, ಅಮ್ಮಾ 'ಸದರಿ' ಅಂದ್ರೇನು ಅಂತ ಕೇಳಿದ್ಲು. ನನಗೂ ಗೊತ್ತಿರ್ಲಿಲ್ಲ, ಇಬ್ಬರೂ ನಕ್ಕಿದ್ವಿ. ನಾಲ್ಕು ತಿಂಗಳಾದ್ಮೇಲೆ ಅದೇ ಹಗ್ಗದ ಮೇಲೆ…" ಅವಳು ಚೀಲದ ಬಾಯಿಯನ್ನು ಮತ್ತೆ ಮುಚ್ಚಿದಳು.

ಕಾಗದ ಮಗುವಿನ ಕೈಬರಹ ಎಂಬ ಸುದ್ದಿಯನ್ನು ಯಾರೋ ಜೈಲಿಗೆ ಮುಟ್ಟಿಸಿರಬೇಕು; ಅಣ್ಣ ಯಾಕೆ ಒಪ್ಪಿಕೊಂಡ ಎನ್ನುವುದು ಬೆರಳಕ್ಕನಿಗೆ ಈಗ ಅರ್ಥವಾಯಿತು. ಸತ್ತ ಮಗುವಿನ ಅಕ್ಷರ ಕೋರ್ಟಿನಲ್ಲಿ ಕೈಯಿಂದ ಕೈಗೆ ಹೋಗಬಾರದು, ಇದೇ ಮಗು ಏಳು ಜನರನ್ನು ಕೊಂದ ಕಾಗದ ಬರೆದದ್ದು ಎಂದು ಯಾರೂ ಬೆರಳು ತೋರಿಸಬಾರದು ಎಂದು. ಗಂಡ ಸುಳ್ಳು ಹೇಳಿದ್ದೂ ಅದಕ್ಕೇ. ಬೆರಳಕ್ಕನಿಗೆ ಆ ಕಾಗದವನ್ನು ಅಲ್ಲೇ ಹರಿದು ಹಾಕಿಬಿಡಬೇಕು ಅನಿಸಿತು. ಅನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಆದರೆ ಮೊಹರು ಒತ್ತುವ ಆಫೀಸಿನವರಷ್ಟೇ ಬಳಸುವ 'ಸದರಿ' ಎಂಬ ಪದ ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಅದರ ಅರ್ಥ ಬರೆದ ಹುಡುಗಿಗೆ ಗೊತ್ತಿರಲಿಲ್ಲ, ತಾಯಿಗೆ ಗೊತ್ತಿರಲಿಲ್ಲ. 'ಅಡಚಣೆ' ಬರೆಯಲು ಬೆವರಿದ ಈ ವೆಲ್ಡರನಿಗೂ ಗೊತ್ತಿರಲಾರದು.

"ಮಗು ತಾನಾಗಿ ಬರೀಲಿಲ್ಲ," ಎಂದಳು. "ಯಾರೋ ಹೇಳಿ ಬರೆಸಿದ್ದಾರೆ. ಯಾರು?"

"ನಾನು ಅಡುಗೆಮನೇಲಿದ್ದೆ ಅಕ್ಕಾ. ಆಚೆಯಿಂದ ಹೇಳೋದು ಕೇಳಿಸ್ತಿತ್ತು. ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳ್ತಿದ್ರು, ಅವಳು ಬರೀತಿದ್ಲು."

"ನಿನ್ನ ಗಂಡನ ದನಿಯಾ? ನಿನ್ನಣ್ಣನದ್ದಾ?"

ತಂಗಿ ಗಂಡನ ಕಡೆ ನೋಡಿದಳು. ಅವನು ತಲೆಯನ್ನು ಅತ್ತಿತ್ತ ಆಡಿಸುತ್ತಿದ್ದ, ಬೇಡ ಬೇಡ ಎಂದು. ಮಗಳು ಹೋದ ಮೇಲೆ ಮೊದಲ ಸಲವೆಂಬಂತೆ ಅವನ ಮುಖದಲ್ಲಿ ದುಃಖವಿರಲಿಲ್ಲ. ಭಯವಿತ್ತು.

"ಅಣ್ಣ ಅವತ್ತು ಬಂದೇ ಇರ್ಲಿಲ್ಲ," ಎಂದಳು ಆಕೆ. "ಇವರು ಬಾಗಿಲಲ್ಲಿ ನಿಂತಿದ್ರು. ಒಳಗೆ ಕುರ್ಚೀಲಿ ಕೂತು ಹೇಳಿದವರು…"

ಗಂಡ ಎರಡೇ ಹೆಜ್ಜೆಯಲ್ಲಿ ಮುಂಬಾಗಿಲಿಗೆ ಹೋಗಿ, ಅದನ್ನು ಮುಚ್ಚಿ, ಒಳಗಿನಿಂದ ಚಿಲಕ ಹಾಕಿದ. ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ಮೇಡಂ," ಎಂದ. "ಮಗಳ ಹೆಣ ನೀರಿಂದ ತೆಗೆದ ದಿನ ಆ ಕಾಗದ ಹೇಳಿ ಬರೆಸಿದ ಮನುಷ್ಯ ಆಸ್ಪತ್ರೆಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು ಒಂದೇ ಮಾತು ಹೇಳಿದ. ಹೆಂಡತಿ ಇನ್ನೂ ಇದ್ದಾಳಲ್ಲ, ಅವಳನ್ನ ಜೋಪಾನ ಮಾಡ್ಕೋ ಅಂದ. ನೀವು ಆ ದನಿ ಯಾರದ್ದು ಅಂತ ಕೇಳಿಸ್ಕೊಂಡು ಈ ಬಾಗಿಲಿಂದ ಆಚೆ ಹೋದ್ರೆ, ಇವಳನ್ನ ಜೋಪಾನ ಮಾಡೋದು ನನ್ನ ಕೈಲಿ ಆಗಲ್ಲ."